ಹಳೆ ಕಾರಿನ ಹೊಗೆ, ಸೆನ್ಸರ್ ಮತ್ತು ಖಾನಾಪುರದ ಮಳೆ

ಒಂದು ಕಿಲೋ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಗಾಳಿ ಕಡಿಮೆಯಾದರೆ ಪೆಟ್ರೋಲು ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ ಆಗಿ ಹೊರಬೀಳುತ್ತದೆ. ಗಾಳಿ ಸ್ವಲ್ಪ ಹೆಚ್ಚಾದರೆ ನೈಟ್ರೋಜನ್ ಆಕ್ಸೈಡುಗಳ ಕಾಟ. ಸೈಲೆನ್ಸರಿನ ದಾರಿಯಲ್ಲಿ ಕೂಡಿಸಿರುವ ಕ್ಯಾಟಲಿಟಿಕ್ ಕನ್ವರ್ಟರ್ ಈ ಮೂರೂ ಅನಿಲಗಳನ್ನು ಒಟ್ಟಿಗೆ ನಿರುಪದ್ರವಿ ಮಾಡಬಲ್ಲದು. ಆದರೆ ಗಾಳಿ ಮತ್ತು ಪೆಟ್ರೋಲಿನ ಪ್ರಮಾಣ ಆ 14.7ರ ತೀರ ಹತ್ತಿರದಲ್ಲೇ ಇದ್ದಾಗ ಮಾತ್ರ. ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ಈ ಪ್ರಮಾಣವನ್ನು ಕ್ಷಣಕ್ಷಣಕ್ಕೂ ತಿದ್ದುತ್ತಿರುತ್ತದೆ. ಎಷ್ಟು ತಿದ್ದಬೇಕೆಂದು ಅದಕ್ಕೆ ಹೇಳುವವು ಸೆನ್ಸರ್‌ಗಳು.

ಇವುಗಳಲ್ಲಿ ಮುಖ್ಯವಾದದ್ದು ಹೊಗೆಕೊಳವೆಯೊಳಗೆ ಉಳಿದ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರ್. ಲ್ಯಾಂಬ್ಡಾ ಸೆನ್ಸರ್ ಎಂಬ ಹೆಸರೂ ಇದಕ್ಕುಂಟು. ಬಾಷ್ ಕಂಪನಿ ತಯಾರಿಸಿದ ಈ ಸೆನ್ಸರ್ 1976ರಲ್ಲಿ ವೋಲ್ವೋ ಕಾರುಗಳಲ್ಲಿ ಮೊದಲು ಬಂತು. ಭಾರತದಲ್ಲಿ 1995ರ ಏಪ್ರಿಲಿನಿಂದ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾಯಿತು. ಸೀಸ ಬೆರೆತ ಪೆಟ್ರೋಲು ಕನ್ವರ್ಟರ್ ಮತ್ತು ಸೆನ್ಸರ್ ಎರಡನ್ನೂ ಕೊಲ್ಲುತ್ತದೆ. 2000ದ ಫೆಬ್ರವರಿಯಲ್ಲಿ ದೇಶದಾದ್ಯಂತ ಸೀಸರಹಿತ ಪೆಟ್ರೋಲು ಬಂದ ಮೇಲೆ ಈ ವ್ಯವಸ್ಥೆ ಬೆಳಗಾವಿಯಂಥ ಊರುಗಳಲ್ಲೂ ಬಾಳಿಕೆ ಬರುವಂತಾಯಿತು.

ಭಾರತ್ ಸ್ಟೇಜ್ 4ರ (ಬಿಎಸ್-4) ಹೊಗೆ ನಿಯಮ 2010ರಲ್ಲಿ ಬೆಂಗಳೂರು, ಪುಣೆ, ಸೊಲ್ಲಾಪುರ ಸೇರಿ 13 ನಗರಗಳಲ್ಲಿ ಶುರುವಾಯಿತು. ಆ ಪಟ್ಟಿಯಲ್ಲಿ ಬೆಳಗಾವಿ ಇರಲಿಲ್ಲ. ದೇಶದ ಎಲ್ಲ ಕಡೆ ಆ ನಿಯಮ ಜಾರಿಯಾದದ್ದು 2017ರ ಏಪ್ರಿಲ್ 1ರಂದು. ಹೀಗಾಗಿ ಬೆಳಗಾವಿಯ ಕೆಎ-22 ನೋಂದಣಿಯ 2012ರ ಕಾರೊಂದು ಬಿಎಸ್-3 ಆಗಿರಲೂಬಹುದು, ಅದೇ ಮಾದರಿಯ ಬೆಂಗಳೂರಿನ ಕಾರು ಬಿಎಸ್-4. ಈ ವ್ಯತ್ಯಾಸ ಬರೀ ಕಾಗದದ್ದಲ್ಲ. ಕಾರು ತನ್ನ ದೋಷವನ್ನು ತಾನೇ ಗುರುತಿಸಿ ದಾಖಲಿಸುವ ಓಬಿಡಿ ವ್ಯವಸ್ಥೆ ಕಡ್ಡಾಯವಾಗಿ ಬಂದದ್ದು ಬಿಎಸ್-4ರ ಜೊತೆಗೆ. 2013ರ ಏಪ್ರಿಲಿನಿಂದ ಅದರ ಎರಡನೇ, ಹೆಚ್ಚು ಬಿಗಿಯಾದ ಹಂತ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಆರ್‌ಸಿಯಲ್ಲಿ ಕಾರಿನ ಬಿಎಸ್ ಹಂತವನ್ನು ನೋಡಿಕೊಳ್ಳುವುದು ಒಳ್ಳೆಯದು. ದುರಸ್ತಿಯ ದಾರಿಯೂ ಹೊಗೆ ತಪಾಸಣೆಯ ಮಿತಿಯೂ ಇದರ ಮೇಲೇ ನಿಂತಿವೆ.

ಆಕ್ಸಿಜನ್ ಸೆನ್ಸರಿನ ಒಳಗಿರುವುದು ಸುಟ್ಟ ಪಿಂಗಾಣಿ. ಹೆಂಚು, ಇಟ್ಟಿಗೆಗಳ ಭಟ್ಟಿಗಳಿಗೆ ಹೆಸರಾದ, ಖಾದಿ ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ ಇರುವ, ಬೆಳಗಾವಿ ಬಳಿಯ ಖಾನಾಪುರದ ಜನರಿಗೆ ಇದು ತೀರ ಅಪರಿಚಿತ ವಸ್ತುವಲ್ಲ. ಸೆನ್ಸರಿನಲ್ಲಿ ಮಣ್ಣಿನ ಬದಲು ಜಿರ್ಕೋನಿಯಾ ಎಂಬ ಆಕ್ಸೈಡ್ ಇರುತ್ತದೆ, ಆಕಾರ ದರ್ಜಿಯ ಬೆರಳಿನ ಟೋಪಿಯಷ್ಟು. ಅದರ ಒಳಮೈ ಹೊರಮೈ ಎರಡಕ್ಕೂ ಪ್ಲಾಟಿನಂ ಲೇಪ. ಒಳಗೆ ಹೊರಗಿನ ಶುದ್ಧ ಗಾಳಿ, ಹೊರಮೈಗೆ ಎಂಜಿನ್ನಿನ ಹೊಗೆ. ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿ ಕಾದಾಗ ಈ ಪಿಂಗಾಣಿಯ ಮೂಲಕ ಆಮ್ಲಜನಕದ ಅಯಾನುಗಳು ಹರಿಯತೊಡಗುತ್ತವೆ. ಎರಡು ಬದಿಯ ಆಮ್ಲಜನಕದ ವ್ಯತ್ಯಾಸ ಹೆಚ್ಚಿದಷ್ಟೂ ವೋಲ್ಟೇಜು ಹೆಚ್ಚು. ಪೆಟ್ರೋಲು ಹೆಚ್ಚಾದಾಗ 0.8ರಿಂದ 0.9 ವೋಲ್ಟ್, ಗಾಳಿ ಹೆಚ್ಚಾದಾಗ 0.1ರ ಆಸುಪಾಸು. ಆರೋಗ್ಯವಂತ ಸೆನ್ಸರಿನ ವೋಲ್ಟೇಜು ಈ ಎರಡರ ನಡುವೆ ಚುರುಕಾಗಿ ಏರಿಳಿಯುತ್ತಲೇ ಇರುತ್ತದೆ. ಮುಪ್ಪಾದ ಸೆನ್ಸರ್ ನಿಧಾನವಾಗುತ್ತದೆ, ಇಲ್ಲವೇ ಒಂದೇ ಕಡೆ ನಿಂತುಬಿಡುತ್ತದೆ.

ತಣ್ಣಗಿರುವಾಗ ಸೆನ್ಸರ್ ಮೂಕ. ಬೇಗ ಕಾಯಲೆಂದು ಅದರೊಳಗೆ ಸಣ್ಣ ಹೀಟರ್ ಇಡುತ್ತಾರೆ. ಮೂರು ಅಥವಾ ನಾಲ್ಕು ವೈರುಗಳ ಸೆನ್ಸರ್ ಎಂದರೆ ಹೀಟರ್ ಇರುವಂಥದ್ದು. ಹೀಟರ್ ಇಲ್ಲದ ಒಂಟಿ ವೈರಿನ ಹಳೆಯ ಸೆನ್ಸರ್‌ಗಳು 50ರಿಂದ 80 ಸಾವಿರ ಕಿ.ಮೀ. ಬಾಳುತ್ತವೆ, ಹೀಟರ್ ಇರುವವು ಒಂದೂವರೆ ಲಕ್ಷ ಕಿ.ಮೀ. ಸುಮಾರಿಗೆ. ಬಿಎಸ್-4 ಕಾರುಗಳಲ್ಲಿ ಸಾಮಾನ್ಯವಾಗಿ ಎರಡು ಸೆನ್ಸರ್. ಕನ್ವರ್ಟರಿಗೆ ಮುಂಚೆ ಇರುವುದು ಪೆಟ್ರೋಲಿನ ಪ್ರಮಾಣ ತಿದ್ದಲು, ನಂತರ ಇರುವುದು ಕನ್ವರ್ಟರ್ ಕೆಲಸ ಮಾಡುತ್ತಿದೆಯೇ ಎಂದು ನೋಡಲು. ಎರಡೂ ಒಂದೇ ತಾಳದಲ್ಲಿ ಏರಿಳಿದರೆ ಕನ್ವರ್ಟರ್ ಸೋತಿದೆ ಎಂದರ್ಥ.

ಉಳಿದ ಸೆನ್ಸರ್‌ಗಳ ಕೆಲಸ ಸರಳ. ಒಳಹೋಗುವ ಗಾಳಿಯನ್ನು ಅಲ್ಟೊ, ವ್ಯಾಗನ್‌ಆರ್‌ನಂಥ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಮ್ಯಾನಿಫೋಲ್ಡಿನ ಒತ್ತಡದಿಂದ ಲೆಕ್ಕ ಹಾಕುವುದು ಮ್ಯಾಪ್ ಸೆನ್ಸರ್. ಬಿಸಿ ತಂತಿ ಅಥವಾ ಪದರದಿಂದ ನೇರವಾಗಿ ಅಳೆಯುವುದು ಮಾಫ್ ಸೆನ್ಸರ್. ಆಕ್ಸಿಲರೇಟರ್ ಒತ್ತಿದಾಗ ಗಾಳಿಯ ಬಾಗಿಲು ಎಷ್ಟು ತೆರೆದಿದೆ ಎಂದು ಹೇಳುವುದು ಥ್ರಾಟಲ್ ಸೆನ್ಸರ್. ಕೂಲಂಟಿನ ಉಷ್ಣತೆ ಅಳೆಯುವ ಚಿಕ್ಕ ಸೆನ್ಸರನ್ನು ಯಾರೂ ಗಮನಿಸುವುದಿಲ್ಲ, ಆದರೆ ಅದು ತಪ್ಪು ಹೇಳಿದರೆ ಉಳಿದೆಲ್ಲ ಲೆಕ್ಕವೂ ತಪ್ಪುತ್ತದೆ.

ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಗೋವಾದ ಕರಾವಳಿಗಿಂತ ಇಲ್ಲಿ ಗಾಳಿಯ ಒತ್ತಡ ಶೇ 8ರಿಂದ 9ರಷ್ಟು ಕಡಿಮೆ. ಕಾರ್ಬ್ಯುರೇಟರ್ ಕಾಲದ ಗಾಡಿ ಅನಮೋಡ ಘಾಟಿಯನ್ನೋ ಚೋರ್ಲಾ ಘಾಟಿಯನ್ನೋ ಹತ್ತಿ ಬರುವಾಗ ತೆಳುವಾದ ಗಾಳಿಗೆ ಮೊದಲಿನಷ್ಟೇ ಪೆಟ್ರೋಲು ಸುರಿಯುತ್ತಿತ್ತು. ಈಗ ಮ್ಯಾಪ್ ಸೆನ್ಸರ್ ಆ ಇಳಿಕೆಯನ್ನು ಅಳೆದು ಹೇಳುತ್ತದೆ, ಇಸಿಯು ಪೆಟ್ರೋಲು ಕಡಿತ ಮಾಡುತ್ತದೆ. ಅದರ ರಬ್ಬರ್ ಪೈಪು ಬಿರಿದಿದ್ದರೆ ಘಾಟಿ ಏರುವಾಗಲೇ ಪಿಕಪ್ ಬೀಳುವುದು, ಮೈಲೇಜ್ ಇಳಿಯುವುದು ಕಾಣುತ್ತದೆ.

ಇನ್ನೊಂದು ಸಂಗತಿ ಪೆಟ್ರೋಲಿನದ್ದೇ. ಸಕ್ಕರೆ ಕಾರ್ಖಾನೆಗಳ ಜಿಲ್ಲೆಯಾದ ಬೆಳಗಾವಿಗೆ ಎಥೆನಾಲ್ ಹೊಸದಲ್ಲ. ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಚಾಲನೆ ಸಿಕ್ಕಿತು. ಎಥೆನಾಲಿನಲ್ಲಿಯೇ ಆಮ್ಲಜನಕ ಇರುವುದರಿಂದ ಈ ಮಿಶ್ರಣಕ್ಕೆ 14.7ರ ಬದಲು ಸುಮಾರು 13.5 ಪಾಲು ಗಾಳಿ ಸಾಕು. ಹಳೆಯ ಇಸಿಯುವಿಗೆ ಇದು ಗೊತ್ತಿಲ್ಲ. ಸೆನ್ಸರ್ ‘ಗಾಳಿ ಹೆಚ್ಚಾಗಿದೆ’ ಎಂದು ಹೇಳುತ್ತದೆ, ಇಸಿಯು ಇಂಜೆಕ್ಟರನ್ನು ಇನ್ನಷ್ಟು ಹೊತ್ತು ತೆರೆಯುತ್ತದೆ. ಸೆನ್ಸರ್ ಚೆನ್ನಾಗಿದ್ದರೆ ಈ ತಿದ್ದುಪಡಿ ಸದ್ದಿಲ್ಲದೆ ನಡೆದುಹೋಗುತ್ತದೆ. ಆದರೆ ಗಾಳಿ ಸೋರಿಕೆಯೋ ಸೋತ ಪೆಟ್ರೋಲ್ ಪಂಪೋ ಮೊದಲೇ ಇದ್ದ ಕಾರಿನಲ್ಲಿ ತಿದ್ದುಪಡಿಯ ಮಿತಿ ಮುಗಿದು ಪಿ0171 ಎಂಬ ದೋಷದ ಕೋಡ್ ಬೀಳಬಹುದು. ಹೊಸ ಪೆಟ್ರೋಲಿನಿಂದ ಹಳೆ ಕಾರಿಗೆ ಒಂದು ಲಾಭವೂ ಇದೆ: ಬಿಎಸ್-3 ಕಾಲದಲ್ಲಿ 150 ಪಿಪಿಎಂವರೆಗೆ ಇರಬಹುದಾಗಿದ್ದ ಗಂಧಕ ಈಗ 10ಕ್ಕೆ ಇಳಿದಿದೆ, ಕನ್ವರ್ಟರಿಗೆ ಇದರಿಂದ ನೆಮ್ಮದಿ.

ಇವೆಲ್ಲಕ್ಕಿಂತ ದೊಡ್ಡ ಶತ್ರು ಮಳೆ. ಬೆಳಗಾವಿಯಿಂದ ಖಾನಾಪುರ, ಜಾಂಬೋಟಿ ದಾಟಿ ಮಲಪ್ರಭೆಯ ಉಗಮಸ್ಥಾನ ಕಣಕುಂಬಿಗೆ ಹೋದಂತೆ ಮಳೆ ಏರುತ್ತಲೇ ಹೋಗುತ್ತದೆ. ಕಣಕುಂಬಿಯ ಮಳೆ ನಗರದ ಮಳೆಯ ಎರಡು ಪಟ್ಟಿಗೂ ಹೆಚ್ಚು. ಗುಂಡಿಯಲ್ಲಿ ನಿಂತ ನೀರು ಕೆಂಡದಂತೆ ಕಾದ ಸೆನ್ಸರಿಗೆ ರಪ್ಪನೆ ಬಡಿದರೆ ಒಳಗಿನ ಪಿಂಗಾಣಿ ಬಿರಿಯಬಹುದು. ಅದಕ್ಕಿಂತ ಹೆಚ್ಚಾಗಿ ಆಗುವುದು ಕಪ್ಲರಿನೊಳಗೆ ತೇವ ಹೊಕ್ಕು ಹಿತ್ತಾಳೆ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಯುವುದು. ತಳದಲ್ಲಿ ಕೆಂಪು ಮಣ್ಣು ಮೆತ್ತಿಕೊಂಡು ವೈರು ಜಗ್ಗುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಗಾಡಿಯ ಬಾನೆಟ್ಟಿನೊಳಗೆ ಇಲಿ ಮನೆ ಮಾಡಿ ವೈರಿನ ಪ್ಲಾಸ್ಟಿಕ್ ಕಡಿಯುತ್ತದೆ. ಈ ಭಾಗದಲ್ಲಿ ಜೂನ್‌ಗೆ ಮೊದಲೊಮ್ಮೆ, ದಸರಾ ಹೊತ್ತಿಗೆ ಮತ್ತೊಮ್ಮೆ ಕಾರನ್ನು ಜಾಕ್ ಮೇಲೆ ಎತ್ತಿಸಿ ಸೆನ್ಸರಿನ ವೈರು, ಕಪ್ಲರ್, ಕ್ಲಿಪ್ಪುಗಳನ್ನು ನೋಡಿಸಿದರೆ ಅರ್ಧ ತೊಂದರೆ ಹುಟ್ಟುವುದೇ ಇಲ್ಲ.

ಡ್ಯಾಶ್‌ಬೋರ್ಡಿನಲ್ಲಿ ಹಳದಿ ಚೆಕ್ ಎಂಜಿನ್ ದೀಪ ಹತ್ತಿದರೆ ಗ್ಯಾರೇಜಿನಲ್ಲಿ ಕೇಳಿಬರುವ ಮಾತು ಬಹಳ ಸಲ ಒಂದೇ: ‘ಸೆನ್ಸರ್ ಹೋಗೇತ್ರಿ, ಬದಲಿ ಮಾಡ್ಬೇಕು.’ ಇಲ್ಲಿ ತಾಳ್ಮೆ ಬೇಕು. ದೀಪ ಸುಮ್ಮನೆ ಉರಿಯುತ್ತಿದ್ದರೆ ಗಾಡಿ ನಿಧಾನವಾಗಿ ಓಡಿಸಿಕೊಂಡು ಹೋಗಬಹುದು. ಮಿನುಗುತ್ತಿದ್ದರೆ ಎಂಜಿನ್ ಮಿಸ್ಸಿಂಗ್ ಹೊಡೆಯುತ್ತಿದೆ, ಉರಿಯದ ಪೆಟ್ರೋಲು ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತಿದೆ, ಗಾಡಿ ನಿಲ್ಲಿಸುವುದೇ ಸರಿ. ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಹಚ್ಚಿದರೆ ಕೋಡ್ ಸಿಗುತ್ತದೆ. ಮೊಬೈಲಿಗೆ ಜೋಡಿಸುವ ಸಣ್ಣ ಬ್ಲೂಟೂತ್ ಅಡಾಪ್ಟರೂ ಈ ಕೆಲಸಕ್ಕೆ ಸಾಕು. ಪಿ0135 ಬಂದರೆ ಸೆನ್ಸರಿನ ಹೀಟರ್ ಅಥವಾ ಅದರ ಫ್ಯೂಸ್ ನೋಡಬೇಕು. ಪಿ0420 ಕನ್ವರ್ಟರಿನ ಕಡೆ ಬೆರಳು ತೋರಿಸುತ್ತದೆ. ಪಿ0171, ಪಿ0172 ಇವು ಗಾಳಿ ಹೆಚ್ಚಾಗಿದೆ, ಪೆಟ್ರೋಲು ಹೆಚ್ಚಾಗಿದೆ ಎಂದಷ್ಟೇ ಹೇಳುತ್ತವೆ. ಏಕೆ ಎಂದು ಹೇಳುವುದಿಲ್ಲ. ಈ ಎರಡು ಕೋಡುಗಳಿಗೆ ಆಕ್ಸಿಜನ್ ಸೆನ್ಸರ್ ಬದಲಿಸುವುದೆಂದರೆ ಅನೇಕ ಸಲ ನಿಜ ಹೇಳಿದ್ದನ್ನೇ ಕಿತ್ತು ಹಾಕಿದಂತೆ.

ಮೊದಲು ನೋಡಬೇಕಾದ್ದು ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಬಿರಿದ ವ್ಯಾಕ್ಯೂಮ್ ಪೈಪು, ಸೆನ್ಸರಿಗಿಂತ ಮುಂಚಿನ ಹೊಗೆಕೊಳವೆಯ ಸೋರಿಕೆ. ಕೊನೆಯದು ಬಹಳ ಮೋಸದ ದೋಷ. ಸೈಲೆನ್ಸರಿನ ಗ್ಯಾಸ್ಕೆಟ್ ಒಡೆದಲ್ಲಿ ಹೊಗೆ ಹೊರಬರುವುದರ ಜೊತೆಗೆ ಹೊರಗಿನ ಗಾಳಿಯೂ ಒಳಕ್ಕೆ ಸೇರಿಕೊಳ್ಳುತ್ತದೆ. ಸೆನ್ಸರಿಗೆ ಆಮ್ಲಜನಕ ಹೆಚ್ಚು ಕಾಣುತ್ತದೆ, ಇಸಿಯು ಪೆಟ್ರೋಲು ಹೆಚ್ಚಿಸುತ್ತದೆ, ಪ್ಲಗ್ಗು ಕಪ್ಪಾಗುತ್ತದೆ. ಎರಡು ಬಾರಿ ಸೆನ್ಸರ್ ಬದಲಿಸಿದರೂ ಇದು ಹೋಗುವುದಿಲ್ಲ.

ಕೂಲಂಟಿನ ಹರಿವನ್ನು ನಿಯಂತ್ರಿಸುವ ಥರ್ಮೋಸ್ಟಾಟಿನ ಕಥೆಯೂ ಇಂಥದ್ದೇ. ಒಮ್ಮೆ ಎಂಜಿನ್ ಹೀಟಾದರೆ ಸಾಕು, ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತು ‘ಇನ್ನ ಗಾಡಿ ಹೀಟ್ ಆಗಂಗಿಲ್ರಿ’ ಎಂದು ಕಳಿಸುವ ರೂಢಿ ಅನೇಕ ಕಡೆ ಇದೆ. ಇದನ್ನು ಬಿಡಲೇಬೇಕು. ವಾಲ್ವ್ ಇಲ್ಲದ ಎಂಜಿನ್, ಅದರಲ್ಲೂ ಬೆಳಗಾವಿಯ ಚಳಿಗಾಲದ ಬೆಳಗಿನಲ್ಲಿ, ತನ್ನ ಉಷ್ಣತೆಗೆ ಬರುವುದೇ ಇಲ್ಲ. ಕೂಲಂಟ್ ಸೆನ್ಸರ್ ‘ಎಂಜಿನ್ ಇನ್ನೂ ತಣ್ಣಗಿದೆ’ ಎಂದು ನಿಜವನ್ನೇ ಹೇಳುತ್ತದೆ, ಇಸಿಯು ಪೆಟ್ರೋಲು ಹೆಚ್ಚು ಕೊಡುತ್ತಲೇ ಇರುತ್ತದೆ. ಹೊಗೆ ತಪಾಸಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಮಿತಿ ಮೀರುತ್ತದೆ, ದೂರು ಮಾತ್ರ ಸೆನ್ಸರಿನ ಮೇಲೆ.

ಸೆನ್ಸರೇ ಹೋಗಿದ್ದರೆ ಅದರ ತುದಿ ಕಾರಣ ಹೇಳುತ್ತದೆ. ಮಸಿಯಂಥ ಕಪ್ಪು ಇದ್ದರೆ ಪೆಟ್ರೋಲು ಹೆಚ್ಚಾಗಿದೆ. ಎಣ್ಣೆಯ ಜಿಡ್ಡಿದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬಿಳಿ ಪುಡಿಯ ಪದರವಿದ್ದರೆ ಕೂಲಂಟ್ ಸೋರಿಕೆ ಅಥವಾ ಗ್ಯಾಸ್ಕೆಟ್ ಬದಲು ಹಚ್ಚಿದ ಸಿಲಿಕೋನ್ ಅಂಟು. ಕಾರಣ ಸರಿಪಡಿಸದೆ ಹೊಸದು ಹಾಕಿದರೆ ಅದಕ್ಕೂ ಅದೇ ಗತಿ. ತೆಗೆಯುವಾಗ ಎಂಜಿನ್ ಸ್ವಲ್ಪ ಬೆಚ್ಚಗಿದ್ದರೆ ತಿರುಪಿನ ಸುತ್ತು ಸುಲಭವಾಗಿ ಬಿಡುತ್ತದೆ. ವೈರು ಹಾಯಲು ಸೀಳಿರುವ 22 ಮಿ.ಮೀ. ಸಾಕೆಟ್ ಪಾನಾ ಬೇಕು. ಹೊಸದರ ತಿರುಪಿನ ಸುತ್ತಿಗೆ ಮಾತ್ರ ಆ್ಯಂಟಿ-ಸೀಜ್ ಪೇಸ್ಟ್, ತುದಿಗೆ ತಗಲಬಾರದು. ಅನೇಕ ಸೆನ್ಸರ್‌ಗಳು ಒಳಗಿನ ಶುದ್ಧ ಗಾಳಿಯನ್ನು ವೈರಿನ ಎಳೆಗಳ ಸಂದಿಯಿಂದಲೇ ಎಳೆದುಕೊಳ್ಳುತ್ತವೆ, ಆದ್ದರಿಂದ ವೈರಿಗೆ ಬೆಸುಗೆ ಹಾಕುವುದಾಗಲಿ ಕಪ್ಲರಿಗೆ ಗ್ರೀಸ್ ತುಂಬುವುದಾಗಲಿ ಸಲ್ಲದು. ಮಾಫ್ ಸೆನ್ಸರನ್ನು ಅದಕ್ಕೆಂದೇ ಇರುವ ಸ್ಪ್ರೇಯಿಂದ ತೊಳೆಯಬೇಕು, ಕಾರ್ಬ್ಯುರೇಟರ್ ಕ್ಲೀನರಿನಿಂದ ಅಲ್ಲ; ಬಟ್ಟೆ, ಬೆರಳು ಮುಟ್ಟಿಸಲೇಬಾರದು. ಕನ್ವರ್ಟರನ್ನೇ ಕತ್ತರಿಸಿ ನೇರ ಪೈಪು ಹಾಕಿ ಎರಡನೇ ಸೆನ್ಸರಿಗೆ ಮಂಕುಬೂದಿ ಎರಚುವ ಕೆಲಸ ಕಾನೂನಿಗೂ ವಿರುದ್ಧ, ಹಿಂದೆ ಬರುವ ಬೈಕ್ ಸವಾರನ ಉಸಿರಿಗೂ ದ್ರೋಹ.

ಇಂಡಿಕಾ, ಸ್ವಿಫ್ಟ್‌ನಂಥ ಹಳೆಯ ಡೀಸೆಲ್ ಕಾರುಗಳಲ್ಲಿ ಲೆಕ್ಕ ಬೇರೆ. ಅಲ್ಲಿ ಕಪ್ಪು ಹೊಗೆಗೆ ಸಾಮಾನ್ಯ ಕಾರಣ ಕಟ್ಟಿಕೊಂಡ ಏರ್ ಫಿಲ್ಟರ್, ಮಸಿ ತುಂಬಿದ ಇಜಿಆರ್ ವಾಲ್ವ್ (ಹೊಗೆಯ ಒಂದು ಭಾಗವನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಕವಾಟ), ಸೋತ ಇಂಜೆಕ್ಟರ್. ಕಾಮನ್ ರೈಲ್ ಎಂಜಿನ್ನುಗಳಲ್ಲಿ ಮಾಫ್ ಸೆನ್ಸರಿನ ಕೊಳೆಯೂ ಸೇರುತ್ತದೆ.

ಹೊಗೆ ತಪಾಸಣೆಯಲ್ಲಿ ಬಿಎಸ್-4 ಪೆಟ್ರೋಲ್ ಕಾರು ಐಡಲ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ 0.3, ಹೈಡ್ರೋಕಾರ್ಬನ್ 200 ಪಿಪಿಎಂ ದಾಟಬಾರದು. ಬಿಎಸ್-2, ಬಿಎಸ್-3 ಕಾರುಗಳಿಗೆ ಈ ಮಿತಿ ಶೇ 0.5 ಮತ್ತು 750. ಪ್ರಮಾಣಪತ್ರ ಬಿಎಸ್-4 ಗಾಡಿಗೆ ಒಂದು ವರ್ಷ, ಅದಕ್ಕಿಂತ ಹಳೆಯದಕ್ಕೆ ಆರು ತಿಂಗಳು ನಡೆಯುತ್ತದೆ. 15 ವರ್ಷ ತುಂಬಿದ ಕಾರಿನ ನೋಂದಣಿಯನ್ನು ಮತ್ತೆ ಐದು ವರ್ಷಕ್ಕೆ ನವೀಕರಿಸುವಾಗಲೂ ಇದು ಕೈಯಲ್ಲಿರಬೇಕು. ದುರಸ್ತಿಗೆಂದು ಬ್ಯಾಟರಿ ಬಿಚ್ಚಿದ್ದರೆ ಅಥವಾ ಕೋಡ್ ಅಳಿಸಿದ್ದರೆ ಇಸಿಯು ಕಲಿತ ತಿದ್ದುಪಡಿಗಳೂ ಅಳಿಸಿರುತ್ತವೆ. ಅಂಥ ಕಾರನ್ನು ನೇರವಾಗಿ ತಪಾಸಣೆಗೆ ಒಯ್ಯಬಾರದು. ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 26 ಕಿ.ಮೀ. ಒಂದೇ ವೇಗದಲ್ಲಿ ಹೋಗಿ ಬಂದರೆ ಸೆನ್ಸರ್, ಕನ್ವರ್ಟರ್ ಎರಡೂ ಚೆನ್ನಾಗಿ ಕಾಯುತ್ತವೆ, ಇಸಿಯುವಿನ ಹೊಸ ಲೆಕ್ಕ ಕೂಡುತ್ತದೆ. ಬಂದ ಕೂಡಲೇ, ಎಂಜಿನ್ ಆರುವ ಮೊದಲು ತಪಾಸಣೆ ಮಾಡಿಸಬೇಕು. ಸರದಿಯಲ್ಲಿ ಅರ್ಧ ತಾಸು ನಿಲ್ಲಬೇಕಾಗಿ ಬಂದರೆ ಸೈಲೆನ್ಸರಿಗೆ ಮೆಷಿನ್ನಿನ ನಳಿಗೆ ಹಾಕುವ ಮೊದಲು ಎರಡು ಮೂರು ನಿಮಿಷ 2,500 ಆರ್‌ಪಿಎಂನಲ್ಲಿ ಎಂಜಿನ್ ಓಡಿಸಿ ಕನ್ವರ್ಟರನ್ನು ಮತ್ತೆ ಕಾಯಿಸಿಕೊಳ್ಳಬೇಕು.