ಖಿನ್ನತೆಯ ಔಷಧವೂ ವಂಶವಾಹಿಯ ಪರೀಕ್ಷೆಯೂ

ಒಂದೇ ಔಷಧವನ್ನು ಒಂದೇ ಪ್ರಮಾಣದಲ್ಲಿ ಸೇವಿಸಿದ ಇಬ್ಬರಲ್ಲಿ ಒಬ್ಬನಿಗೆ ಗುಣವೂ ಮತ್ತೊಬ್ಬನಿಗೆ ಬಾಧೆಯೂ ಉಂಟಾಗುವುದು ವೈದ್ಯರು ಬಹುಕಾಲದಿಂದ ಬಲ್ಲ ಸಂಗತಿ. ಈ ಭೇದದ ಮೂಲವು ಕೆಲವೆಡೆ ಹುಟ್ಟಿನಲ್ಲಿಯೇ ಇರುವುದೆಂಬುದಕ್ಕೆ ಲಂಡನ್ನಿನ ಒಂದು ಪ್ರಯೋಗವು ಪ್ರಸಿದ್ಧ ನಿದರ್ಶನವಾಗಿದೆ. ಅಲ್ಲಿನ ಸೇಂಟ್ ಮೇರೀಸ್ ವೈದ್ಯ ವಿದ್ಯಾಲಯದ ರಾಬರ್ಟ್ ಸ್ಮಿತ್ ಎಂಬ ವಿದ್ವಾಂಸರು, ರಕ್ತದೊತ್ತಡಕ್ಕೆ ಕೊಡುತ್ತಿದ್ದ ಡೆಬ್ರಿಸೋಕ್ವಿನ್ ಎಂಬ ಔಷಧವನ್ನು ಸಹೋದ್ಯೋಗಿಗಳೊಡನೆ ತಾವೂ ಸೇವಿಸಿದರು. ಇತರರಿಗೆ ಹೇಳತಕ್ಕ ಬಾಧೆಯಾಗಲಿಲ್ಲ. ಅವರಾದರೋ ರಕ್ತದೊತ್ತಡವಿಳಿದು ನಿಲ್ಲಲಾರದೆ ಕುಸಿದರು. ಆ ಔಷಧವನ್ನು ಪರಿವರ್ತಿಸುವ ಶಕ್ತಿಯು ವಂಶಾನುಗತವೆಂದು ಅವರ ತಂಡವು ೧೯೭೭ರಲ್ಲಿ ಪ್ರಕಟಿಸಿತು. ಆ ಕೆಲಸವನ್ನು ನಡೆಸುವ ಯಕೃತ್ತಿನ ಕಿಣ್ವಕ್ಕೆ ಈಗ ಸಿವೈಪಿ೨ಡಿ೬ ಎಂದು ಹೆಸರು.

ಖಿನ್ನತೆಗೆ ಕೊಡುವ ನಾರ್‌ಟ್ರಿಪ್ಟಿಲಿನ್ ಮೊದಲಾದ ಔಷಧಗಳನ್ನೂ ಇದೇ ಕಿಣ್ವವು ಪರಿವರ್ತಿಸುವುದು. ಸಿಟಾಲೋಪ್ರಾಮಿಗೆ ಸಿವೈಪಿ೨ಸಿ೧೯ ಎಂಬುದು ಮುಖ್ಯ. ಕಿಣ್ವವು ಮಂದವಾದವರಲ್ಲಿ ಔಷಧವು ರಕ್ತದಲ್ಲಿ ಶೇಖರವಾಗುವುದು; ಅತಿ ಚುರುಕಾದವರಲ್ಲಿ ಸಾಕಷ್ಟು ನಿಲ್ಲದು. ಲಾಲಾರಸವನ್ನೋ ರಕ್ತವನ್ನೋ ಪರೀಕ್ಷಿಸಿ ಇದನ್ನು ಮುಂಚಿತವಾಗಿಯೇ ಊಹಿಸಬಹುದು. ಸಿವೈಪಿ೨ಸಿ೧೯ ಮಂದವಾದವರಿಗೆ ಸಿಟಾಲೋಪ್ರಾಮನ್ನು ದಿನಕ್ಕೆ ೨೦ ಮಿಲಿಗ್ರಾಮಿಗಿಂತ ಹೆಚ್ಚಾಗಿ ಕೊಡಬಾರದೆಂದು ಅಮೆರಿಕಾದ ಔಷಧ ನಿಯಂತ್ರಣ ಇಲಾಖೆಯು ವಿಧಿಸಿದೆ.

ಹಾಗಾದರೆ ಪರೀಕ್ಷೆಯೇ ತಕ್ಕ ಔಷಧವನ್ನು ಆರಿಸಿಕೊಡುವುದೆ? ಇಲ್ಲ. ಈ ಕಿಣ್ವಗಳ ಪರೀಕ್ಷೆಯು ಔಷಧವು ದೇಹದಲ್ಲಿ ಎಷ್ಟು ಉಳಿಯುವುದೆಂಬುದನ್ನು ಸೂಚಿಸುವುದೇ ಹೊರತು ಮನಸ್ಸು ಅದಕ್ಕೆ ಒಲಿಯುವುದೇ ಎಂಬುದನ್ನಲ್ಲ. ಇದನ್ನು ಮೀರಿ ಭರವಸೆ ಕೊಡುವ ಪರೀಕ್ಷೆಗಳ ವಿಷಯದಲ್ಲಿ ಅದೇ ಇಲಾಖೆಯು ೨೦೧೮ರಲ್ಲಿ ಎಚ್ಚರಿಕೆಯನ್ನು ಕೊಟ್ಟಿತು. ಸುಮಾರು ೧,೯೦೦ ಮಂದಿ ಅಮೆರಿಕಾದ ಮಾಜಿ ಸೈನಿಕರಲ್ಲಿ ನಡೆದು ೨೦೨೨ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪರೀಕ್ಷೆಯನ್ನನುಸರಿಸಿದವರಿಗೆ ದೊರೆತ ಅಧಿಕ ಗುಣವು ಅಲ್ಪವಾಗಿತ್ತು. ೨೪ ವಾರಗಳವರೆಗೆ ನಿಲ್ಲಲೂ ಇಲ್ಲ.

ಔಷಧತಜ್ಞನ, ಎಂದರೆ ಫಾರ್ಮಸಿಸ್ಟನ, ಪ್ರಯೋಜನವು ತೋರುವುದು ಇಲ್ಲಿಯೇ. ಹುಟ್ಟಿನಿಂದ ಸಿವೈಪಿ೨ಡಿ೬ ಸರಿಯಾಗಿರುವವನೊಬ್ಬನು ಫ್ಲುಆಕ್ಸೆಟಿನನ್ನು ಸೇವಿಸುತ್ತಿದ್ದರೆ, ಆ ಔಷಧವೇ ಕಿಣ್ವವನ್ನು ತಡೆದು ಅವನನ್ನು ಮಂದರ ಸಾಲಿಗೆ ಸೇರಿಸಬಲ್ಲದು. ಆಗ ನಾರ್‌ಟ್ರಿಪ್ಟಿಲಿನನ್ನು ವಾಡಿಕೆಯ ಪ್ರಮಾಣದಲ್ಲಿ ಕೊಟ್ಟರೆ ಅಪಾಯವುಂಟು. ಪರೀಕ್ಷೆಯ ಫಲಪತ್ರವಾದರೋ ಎಲ್ಲವೂ ಸರಿಯೆಂದೇ ಹೇಳುತ್ತಿರುವುದು. ರೋಗಿಯು ಸೇವಿಸುವ ಔಷಧಗಳೆಲ್ಲದರ ಪಟ್ಟಿಯನ್ನು ಫಲಪತ್ರದ ಪಕ್ಕದಲ್ಲಿಟ್ಟು ಓದಬಲ್ಲವನು ವೈದ್ಯನಿಗೆ ಇದನ್ನು ತಿಳಿಸಬೇಕು.

ಶಬ್ದಕ್ಕೆ ಕೋಶವು ಹೇಳುವ ಅರ್ಥ ಒಂದು, ಪ್ರಕರಣದಿಂದ ಹೊರಡುವ ಅರ್ಥ ಇನ್ನೊಂದು ಎಂಬುದನ್ನು ಸಾಹಿತ್ಯಾಭ್ಯಾಸಿಗಳು ಬಲ್ಲರಷ್ಟೆ. ವಂಶವಾಹಿಯ ಬರಹಕ್ಕೂ ಆ ನ್ಯಾಯವೇ ಸಲ್ಲುವುದು.