ಚಕ್ರ ಹೋಗದ ಕಾಡಿನಲ್ಲಿ ಹೇರಿನ ಸಾಲು

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ, ಸಿಯೆರಾ ನೆವಾಡಾ ಪರ್ವತದ ಪೂರ್ವದ ಮಗ್ಗುಲಿಗೆ ಆನಿಯನ್ ವ್ಯಾಲಿ ಎಂಬ ತಾಣವಿದೆ. ಸಮುದ್ರಮಟ್ಟದಿಂದ 9,000 ಅಡಿಗೂ ಮೇಲಿರುವ ಅಲ್ಲಿಗೆ ಡಾಂಬರು ರಸ್ತೆ ಮುಗಿಯುತ್ತದೆ; ಮುಂದಿನದು ಕಾಲುದಾರಿ. ಬೇಸಗೆಯ ಮುಂಜಾನೆ ಇಂತಹ ತಾಣಗಳಲ್ಲಿ ಪ್ಯಾಕರ್ ಎಂದು ಕರೆಸಿಕೊಳ್ಳುವ ಹೇರುಗಾರ ಮೊದಲು ಕೈಗೆತ್ತಿಕೊಳ್ಳುವುದು ಹಗ್ಗವನ್ನಲ್ಲ, ಕಡಿವಾಣವನ್ನೂ ಅಲ್ಲ. ಒಂದು ಸ್ಪ್ರಿಂಗ್ ತಕ್ಕಡಿಯನ್ನು. ಪ್ರವಾಸಿಗರ ಅಕ್ಕಿ, ಹಿಟ್ಟು, ಡೇರೆ, ಹಾಸಿಗೆಗಳನ್ನು ತುಂಬಿದ ಚೀಲಗಳನ್ನು ಜೋಡಿಜೋಡಿಯಾಗಿ ತೂಗಲಾಗುತ್ತದೆ. ಬಲಗಡೆಯ ಚೀಲ ಎಡಗಡೆಯದಕ್ಕಿಂತ ಒಂದು ಕಿಲೋ ಹೆಚ್ಚು ತೂಗಿತೆಂದರೆ ಒಂದೆರಡು ಡಬ್ಬಿಗಳನ್ನು ತೆಗೆದು ಆಚೆಗೆ ಹಾಕಬೇಕು. ಪಟ್ಟಣದಿಂದ ಬಂದವರಿಗೆ ಇದು ವಿನೋದವಾಗಿ ತೋರುವುದುಂಟು. ಆದರೆ ಓರೆಯಾದ ಹೇರು ಮೈಲಿಗೊಂದಿಷ್ಟು ಜಾರುತ್ತ, ಸಂಜೆಯ ಹೊತ್ತಿಗೆ ಪ್ರಾಣಿಯ ಬೆನ್ನಿನ ಚರ್ಮವನ್ನು ಸುಲಿದಿರುತ್ತದೆ. ಬೆನ್ನು ಹುಣ್ಣಾದ ಪ್ರಾಣಿ ಮತ್ತೆ ಹೇರು ಹೊರಲು ವಾರಗಳೇ ಬೇಕು.

ಬಾಹ್ಯಾಕಾಶಕ್ಕೆ ಮನುಷ್ಯರನ್ನು ಕಳುಹಿಸಿದ ದೇಶದಲ್ಲಿ ಈ ಹಳೆಯ ವಿದ್ಯೆ ಉಳಿದಿರುವುದಕ್ಕೆ ಒಂದು ಕಾನೂನು ಕಾರಣ. 1964ರ ಸೆಪ್ಟೆಂಬರ್ 3ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ವನ್ಯಪ್ರದೇಶ ಕಾಯಿದೆಯು ಗುರುತಿಸಿದ ಕಾಡುಗಳೊಳಗೆ ರಸ್ತೆಗಳನ್ನು ಮಾಡುವಂತಿಲ್ಲ, ಮೋಟಾರು ವಾಹನ ಓಡಿಸುವಂತಿಲ್ಲ, ವಿಮಾನ ಇಳಿಸುವಂತಿಲ್ಲ ಎಂದು ವಿಧಿಸಿತು. ಯಾಂತ್ರಿಕ ಸಾಗಣೆಯನ್ನೇ ಬಹುಮಟ್ಟಿಗೆ ನಿಷೇಧಿಸಿತು. ಆಗ ಅದರ ವ್ಯಾಪ್ತಿಗೆ ಸೇರಿದ್ದು 91 ಲಕ್ಷ ಎಕರೆ. ಈಗ 11 ಕೋಟಿ ಎಕರೆಗೂ ಮಿಗಿಲು. ಸೈಕಲ್ಲಿಗೂ ಅಲ್ಲಿ ಪ್ರವೇಶವಿಲ್ಲ, ಒಂಟಿಗಾಲಿಯ ಕೈಗಾಡಿಗೂ ಇಲ್ಲ. ಅಂಗವಿಕಲರ ಗಾಲಿಕುರ್ಚಿಗೆ ಮಾತ್ರ ವಿನಾಯಿತಿ. ದಾರಿಗೆ ಅಡ್ಡಬಿದ್ದ ಮರವನ್ನು ಅರಣ್ಯ ಇಲಾಖೆಯ ಕೆಲಸಗಾರರೇ ಆದರೂ ಸಾಮಾನ್ಯವಾಗಿ ಇಬ್ಬರು ಹಿಡಿದೆಳೆಯುವ ಉದ್ದ ಗರಗಸದಿಂದಲೇ ಕೊಯ್ಯುತ್ತಾರೆ. ಆ ಗರಗಸವೂ ಅವರ ಊಟವೂ ಹೋಗುವುದು ಪ್ರಾಣಿಯ ಬೆನ್ನಿನ ಮೇಲೆ.

ಸವಾರಿಗೆ ಕುದುರೆ, ಹೇರಿಗೆ ಹೇಸರಗತ್ತೆ ಎಂಬುದು ಸಿಯೆರಾದಲ್ಲಿ ಸಾಮಾನ್ಯ ರೂಢಿ. ಗಂಡುಕತ್ತೆಗೂ ಹೆಣ್ಣುಕುದುರೆಗೂ ಹುಟ್ಟುವ ಈ ಪ್ರಾಣಿಗೆ ಸಂತಾನವಿಲ್ಲ; ಗೊರಸು ಚಿಕ್ಕದು, ಗಟ್ಟಿ; ಮೇವಿನಲ್ಲಿ ಮಿತ. ಹಟಮಾರಿ ಎಂಬ ಅಪವಾದ ಅದಕ್ಕೆ ಎಲ್ಲ ಭಾಷೆಗಳಲ್ಲೂ ಅಂಟಿಕೊಂಡಿದೆ. ಅನುಭವಸ್ಥರು ಅದನ್ನು ಒಪ್ಪುವುದಿಲ್ಲ. ಬೆದರಿದ ಕುದುರೆ ಕಣ್ಣುಮುಚ್ಚಿ ಓಡಿ ಪ್ರಪಾತಕ್ಕೆ ಬೀಳಬಹುದು. ಹೇಸರಗತ್ತೆ ನಿಂತು ನೋಡುತ್ತದೆ, ಸೇತುವೆಯ ಹಲಗೆ ಗಟ್ಟಿಯಿದೆಯೆಂದು ಮನಗಂಡ ಮೇಲೆಯೇ ಕಾಲಿಡುತ್ತದೆ. ಅದರ ಮೇಲೆ ಹೇರುವುದು ಸುಮಾರು 70 ಕಿಲೋ. ಬೆನ್ನ ಮೇಲೆ ದಪ್ಪ ಕಂಬಳಿ, ಅದರ ಮೇಲೆ ಮರದ ತುಂಡುಗಳನ್ನು ಕತ್ತರಿಯಂತೆ ಜೋಡಿಸಿದ ಹೇರುಜೀನು, ಎರಡು ಪಕ್ಕಕ್ಕೂ ಎರಡು ಚೀಲ, ನೆತ್ತಿಯಲ್ಲಿ ಹಗುರವಾದ ಹಾಸಿಗೆಯ ಕಟ್ಟು, ಎಲ್ಲದರ ಮೇಲೆ ಕ್ಯಾನ್ವಾಸ್ ಹೊದಿಕೆ. ಕೊನೆಗೆ ಒಂದೇ ಉದ್ದ ಹಗ್ಗವನ್ನು ಸುತ್ತಿ ಬಿಗಿದಾಗ ಮೇಲ್ಭಾಗದಲ್ಲಿ ವಜ್ರಾಕೃತಿ ಮೂಡುತ್ತದೆ. ಅದಕ್ಕೆ ವಜ್ರಗಂಟು ಎಂದೇ ಹೆಸರು.

ಐದಾರು ಪ್ರಾಣಿಗಳನ್ನು ಒಂದರ ಹಿಂದೆ ಒಂದು ಕಟ್ಟಿ ಸಾಲು ಮಾಡುವಲ್ಲಿ ಇನ್ನೊಂದು ಜಾಣ್ಮೆ ಇದೆ. ಹಿಂದಿನದರ ಹಗ್ಗವನ್ನು ಮುಂದಿನದರ ಜೀನಿಗೆ ನೇರವಾಗಿ ಬಿಗಿಯುವುದಿಲ್ಲ. ಜೀನಿನ ಹಿಂಬದಿಗೆ ಕಟ್ಟಿದ ತೆಳುವಾದ ಹಗ್ಗದ ಕುಣಿಕೆಯೊಂದಕ್ಕೆ ಕಟ್ಟುತ್ತಾರೆ. ‘ಹಂದಿಬಾಲ’ ಎಂದು ಅದನ್ನು ಕರೆಯುವುದು. ಒಂದು ಪ್ರಾಣಿ ಕಾಲುಜಾರಿ ಕಮರಿಗೆ ಉರುಳಿದರೆ ಆ ತೆಳುಹಗ್ಗ ಕಿತ್ತುಹೋಗಬೇಕು, ಉಳಿದ ನಾಲ್ಕು ಬದುಕಬೇಕು. ಕಿತ್ತುಹೋಗಲೆಂದೇ ಹೊಸೆದ ಹಗ್ಗ ಅದು. ಆನಿಯನ್ ವ್ಯಾಲಿಯಿಂದ 11,760 ಅಡಿಯ ಕಿಯರ್ಸಾರ್ಜ್ ಘಾಟಿಯ ಕಡೆಗೆ ಏರುವ ಸುತ್ತುಬಳಸಿನ ದಾರಿಯನ್ನು ಕಂಡವರಿಗೆ ಅದರ ಅಗತ್ಯವನ್ನು ವಿವರಿಸಬೇಕಾಗಿಲ್ಲ. ಘಾಟಿಯ ಆಚೆಗೆ ಕಿಂಗ್ಸ್ ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನ. ಯೊಸೆಮಿಟಿಯಿಂದ ವಿಟ್ನಿ ಶಿಖರದವರೆಗೆ ಸುಮಾರು 340 ಕಿಲೋಮೀಟರ್ ಸಾಗುವ ಜಾನ್ ಮ್ಯೂರ್ ಕಾಲುದಾರಿ ಅಲ್ಲಿಯೇ ಹಾದುಹೋಗುತ್ತದೆ. ವಾರಗಟ್ಟಲೆ ನಡೆಯುವ ಚಾರಣಿಗರಿಗೆ ನಡುದಾರಿಯಲ್ಲಿ ದಿನಸಿ ತಲುಪಿಸುವುದು ಈ ಘಾಟಿಯ ಹೇರುಗಳಿಗೆ ಒಂದು ಕೆಲಸ. ಕೆಲವರು ತಾವು ನಡೆದು ಸಾಮಾನನ್ನಷ್ಟೇ ಹೊರಿಸುತ್ತಾರೆ. ಕೆಲವರು ಕುದುರೆಯೇರಿ ಬಿಡಾರದಿಂದ ಬಿಡಾರಕ್ಕೆ ಸಾಗುತ್ತಾರೆ.

ಗಡಿನಾಡಿನ ಓದುಗರಿಗೆ ಹೆಚ್ಚು ಹತ್ತಿರವಾಗುವ ಸಂಗತಿ ಈ ಕಸುಬಿನ ಮಾತು. ಕ್ಯಾಲಿಫೋರ್ನಿಯಾ 1848ರವರೆಗೆ ಮೆಕ್ಸಿಕೋಗೆ ಸೇರಿತ್ತು. ಆ ವರ್ಷದ ಒಪ್ಪಂದದಿಂದ ಗಡಿ ದಕ್ಷಿಣಕ್ಕೆ ಸರಿಯಿತು, ಆಡಳಿತ ಭಾಷೆ ಇಂಗ್ಲಿಷಾಯಿತು. ಆದರೆ ಲಾಯದ ಮಾತು ಅಷ್ಟು ಬೇಗ ಬದಲಾಗಲಿಲ್ಲ. ಇಂದಿನ ಇಂಗ್ಲಿಷ್ ಹೇರುಗಾರ ಹೊಟ್ಟೆಪಟ್ಟಿಯನ್ನು ‘ಸಿಂಚ್’ ಎನ್ನುವುದು ಸ್ಪ್ಯಾನಿಷಿನ ‘ಸಿಂಚಾ’ದಿಂದ, ಹೇರಿನ ಹೊದಿಕೆಯನ್ನು ‘ಮ್ಯಾಂಟಿ’ ಎನ್ನುವುದು ‘ಮಾಂತಾ’ದಿಂದ, ‘ಲ್ಯಾರಿಯಟ್’ ಎಂಬ ಹಗ್ಗ ‘ಲಾ ರಿಯಾತಾ’. ಆ ಪರ್ವತದ ಹೆಸರೇ ಸ್ಪ್ಯಾನಿಷ್. ಹಿಮದ ಶ್ರೇಣಿ ಎಂದರ್ಥ. ಕನ್ನಡದ ಲಾಯದಲ್ಲೂ ಇಂತಹದೇ ಬೆರಕೆ. ಜೀನು, ಲಗಾಮು, ಸವಾರ ಎಂಬ ಮಾತುಗಳು ಪಾರಸಿಯಿಂದ ಬಂದವು. ಕುದುರೆ, ಗೊರಸು, ಹೇರು ನಮ್ಮವೇ.

ಹೇರು ಎಂಬ ಮಾತಿಗೆ ಕನ್ನಡದಲ್ಲಿ ಒಂದು ಕಾಲದ ಬದುಕೇ ಅಂಟಿಕೊಂಡಿದೆ. ಲಂಬಾಣಿಗರು ಹೇರೆತ್ತುಗಳ ಹಿಂಡುಗಳ ಮೇಲೆ ಗೋಣಿಚೀಲಗಳನ್ನು ಹೊರಿಸಿ ಉಪ್ಪು, ಧಾನ್ಯಗಳನ್ನು ದೂರದೂರಕ್ಕೆ ಸಾಗಿಸುತ್ತಿದ್ದರು. ಮುಂದಾಳು ಎತ್ತಿನ ಕೊರಳಿಗೆ ಗಂಟೆ. 1791-92ರಲ್ಲೂ 1799ರಲ್ಲೂ ಶ್ರೀರಂಗಪಟ್ಟಣದ ಮೇಲೆ ನಡೆದ ಇಂಗ್ಲಿಷರ ದಂಡು ಧಾನ್ಯಕ್ಕಾಗಿ ಇವರ ಎತ್ತುಗಳನ್ನು ನೆಚ್ಚಿಕೊಂಡಿತ್ತು. ಮುಂದೆ ಬಂಡಿರಸ್ತೆ, ರೈಲು ಬಂದವು, ಹೇರಾಟ ನಿಂತಿತು. ಎರಡೂ ಬದಿಯ ಗೋಣಿಯನ್ನು ಸರಿತೂಗಿಸುವ ಕೈಗಳಿಗೆ ಕೆಲಸವಿಲ್ಲವಾಯಿತು. ಇಲ್ಲಿ ಚಕ್ರ ಅಳಿಸಿದ ವಿದ್ಯೆಯನ್ನು ಅಲ್ಲಿ ಚಕ್ರದ ನಿಷೇಧ ಉಳಿಸಿದೆ.

ಆದರೆ ಅಲ್ಲಿಯೂ ಅದು ನಿರ್ವಿವಾದವಾಗಿ ಉಳಿದಿಲ್ಲ. ಜಾನ್ ಮ್ಯೂರ್ ಮೊದಲಾದವರು 1892ರಲ್ಲಿ ಕಟ್ಟಿದ ಸಿಯೆರಾ ಕ್ಲಬ್ 1901ರಿಂದ ಪ್ರತಿ ಬೇಸಗೆ ಸದಸ್ಯರನ್ನು ಪರ್ವತಕ್ಕೆ ಕರೆದೊಯ್ಯುತ್ತಿತ್ತು. ಒಮ್ಮೊಮ್ಮೆ ಇನ್ನೂರು ಜನರ ಅಡಿಗೆಮನೆಯೇ ಹೇಸರಗತ್ತೆಗಳ ಮೇಲೇರಿ ಹೊರಡುತ್ತಿತ್ತು. ಕಾಡಿನ ಪರವಾಗಿ ಮಾತಾಡುವ ಜನರನ್ನು ಕಾಡಿಗೆ ಮುಟ್ಟಿಸಿದ್ದು ಈ ಯಾತ್ರೆಗಳೇ. ಅಷ್ಟು ದೊಡ್ಡ ಗುಂಪುಗಳಿಂದ ಎತ್ತರದ ಹುಲ್ಲುಗಾವಲುಗಳಿಗಾದ ಹಾನಿಯೂ ಕಣ್ಣಿಗೆ ಬಿತ್ತು. 1972ರಲ್ಲಿ ಅವು ನಿಂತುಹೋದವು. ಕಿಯರ್ಸಾರ್ಜ್ ಘಾಟಿಯಾಚೆಯ ಬುಲ್‌ಫ್ರಾಗ್ ಸರೋವರದ ದಡದಲ್ಲಿ ಬಿಡಾರ ಹೂಡುವುದು ಇಂದಿಗೂ ನಿಷಿದ್ಧ.

ಹಿಮ ಕರಗಿ ಒದ್ದೆಯಾಗಿರುವ ಮಣ್ಣಿಗೆ ಕಬ್ಬಿಣದ ಲಾಳ ಒತ್ತಿದರೆ ಹುಲ್ಲಿನ ಬೇರುಜಾಲ ಹರಿಯುತ್ತದೆ, ಹರಿದಲ್ಲಿ ನೀರು ಕೊರೆಯುತ್ತದೆ, ಕೊರೆದ ಕಾಲುವೆ ಗಾವಲನ್ನೇ ಒಣಗಿಸುತ್ತದೆ. ವರ್ಷದಲ್ಲಿ ಕೆಲವೇ ವಾರ ಬೆಳೆಯಲು ಅವಕಾಶವಿರುವ ಎತ್ತರದಲ್ಲಿ ಆ ಗಾಯ ಮಾಯುವುದಕ್ಕೆ ದಶಕಗಳು ಹಿಡಿಯಬಹುದು. ಈ ದೂರನ್ನು ಹೊತ್ತು ಚಾರಣಿಗರ ಸಂಘವೊಂದು ನ್ಯಾಯಾಲಯದ ಮೆಟ್ಟಿಲೇರಿತು. 2012ರಲ್ಲಿ ನ್ಯಾಯಾಲಯ, ಸಿಕೋಯ ಮತ್ತು ಕಿಂಗ್ಸ್ ಕ್ಯಾನ್ಯನ್ ಉದ್ಯಾನಗಳ ಆಡಳಿತವು ಹೇರಿನ ಉದ್ಯಮಕ್ಕೆ ಎಡೆಗೊಟ್ಟ ರೀತಿ ಕಾಯಿದೆಗೆ ಹೊಂದುವುದಿಲ್ಲ ಎಂದಿತು. ಬೇಸಗೆಯ ಪರವಾನಗಿಗಳೇ ತೂಗುಯ್ಯಾಲೆಯಲ್ಲಿ ಬಿದ್ದಾಗ ಅಮೆರಿಕದ ಸಂಸತ್ತು ಅದೇ ವರ್ಷ ವಿಶೇಷ ಶಾಸನ ಮಾಡಿ ಅವುಗಳನ್ನು ಮುಂದುವರಿಸಿತು. ಹೇರುಗಾರರ ವಾದವೂ ಹಗುರವಾದುದಲ್ಲ: ಮುದುಕರು, ಮಕ್ಕಳು, ಕಾಲು ಸೋತವರು ಆ ಕಣಿವೆಗಳನ್ನು ಕಾಣಲು ಬೇರೆ ದಾರಿ ಯಾವುದು? ಬಲವಾದ ಮೊಣಕಾಲುಳ್ಳವರಿಗೆ ಮಾತ್ರ ಕಾಡು ಎಂದಾದರೆ ಅದು ಸಾರ್ವಜನಿಕರದು ಹೇಗಾದೀತು? ಎರಡು ಕಡೆಯಲ್ಲೂ ಕಾಡನ್ನು ಪ್ರೀತಿಸುವವರೇ ನಿಂತಿರುವುದರಿಂದ ಈ ವ್ಯಾಜ್ಯ ಸುಲಭವಾಗಿ ಮುಗಿಯುವಂತಹದಲ್ಲ.

ನಡುವೆ ಉಳಿದಿರುವುದು ನಿಯಮಗಳ ದಾರಿ. ಹಿಮದ ಪ್ರಮಾಣ ನೋಡಿ ಆಯಾ ಗಾವಲಿನಲ್ಲಿ ಮೇಯಿಸಲು ದಿನ ಗೊತ್ತುಮಾಡಲಾಗುತ್ತದೆ. ಹೆಚ್ಚು ಹಿಮ ಬಿದ್ದ ವರ್ಷ ಅದು ಹಿಂದಕ್ಕೆ ಹೋಗುತ್ತದೆ. ಗುಂಪಿನಲ್ಲಿ ಎಷ್ಟು ಪ್ರಾಣಿಗಳಿರಬಹುದೆಂಬುದಕ್ಕೆ ಮಿತಿಯುಂಟು. ಅನೇಕ ಅರಣ್ಯಗಳಲ್ಲಿ ಕಳೆಬೀಜವಿಲ್ಲವೆಂದು ದೃಢಪಡಿಸಿದ ಮೇವನ್ನೇ ಒಯ್ಯಬೇಕು. ರಾತ್ರಿ ಪ್ರಾಣಿಗಳನ್ನು ಮರದ ಬುಡಕ್ಕೆ ಕಟ್ಟಿದರೆ ಅವು ನೆಲ ಕೆರೆದು ಬೇರುಗಳನ್ನು ಬಯಲು ಮಾಡುತ್ತವೆ. ಆದ್ದರಿಂದ ಎರಡು ಮರಗಳಿಗೆ ಅಗಲವಾದ ಪಟ್ಟಿ ಸುತ್ತಿ, ತಲೆಯೆತ್ತರದಲ್ಲಿ ಹಗ್ಗ ಹಾಯಿಸಿ, ಅದಕ್ಕೆ ಕಟ್ಟುವುದು ಈಗಿನ ಪದ್ಧತಿ. ಗೌರಿಕುಂಡದಿಂದ ಕೇದಾರಕ್ಕೆ ಹೇಸರಗತ್ತೆಯೇರಿ ಹೋಗಿಬಂದ ಕನ್ನಡಿಗರು ಎಲ್ಲ ಜಿಲ್ಲೆಗಳಲ್ಲೂ ಇದ್ದಾರೆ. ಆ ದಾರಿಯಲ್ಲಿ ಹುಣ್ಣಾದ ಬೆನ್ನುಗಳನ್ನು ಕಂಡವರಿಗೆ ಮುಂಜಾನೆಯ ಆ ಸ್ಪ್ರಿಂಗ್ ತಕ್ಕಡಿಯ ಬೆಲೆ ತಿಳಿದೀತು.

ಸಂಜೆ ಬಿಡಾರ ಮುಟ್ಟಿದೊಡನೆ ಮೊದಲ ಉಪಚಾರ ಪ್ರವಾಸಿಗರಿಗಲ್ಲ. ಹೇರು ಇಳಿಸಿ, ಜೀನು ಬಿಚ್ಚಿ, ಹೇರುಗಾರ ಒಂದೊಂದು ಬೆನ್ನಿನ ಮೇಲೂ ಅಂಗೈ ಆಡಿಸುತ್ತಾನೆ. ಎಲ್ಲಿಯಾದರೂ ಕೂದಲು ಸವೆದಿದೆಯೇ, ಬಿಸಿಯಿದೆಯೇ ಎಂದು. ಬಿಟ್ಟೊಡನೆ ಹೇಸರಗತ್ತೆಗಳು ಮಣ್ಣಿನಲ್ಲಿ ಬಿದ್ದು ಹೊರಳಿ, ಕೊಡವಿಕೊಂಡು ಏಳುತ್ತವೆ. ಮೇಯಲು ಬಿಡುವ ಕಡೆಗಳಲ್ಲಿ ಒಂದು ಹೆಣ್ಣುಕುದುರೆಯ ಕೊರಳಿಗಷ್ಟೇ ಗಂಟೆ ಕಟ್ಟುವ ವಾಡಿಕೆ ಹಳೆಯದು. ಉಳಿದವು ಅದನ್ನು ಬಿಟ್ಟು ದೂರ ಹೋಗುವುದಿಲ್ಲ. ನಸುಕಿನಲ್ಲಿ ಎದ್ದ ಹೇರುಗಾರ ಡೇರೆಯ ಹೊರಗೆ ನಿಂತು, ಆ ಗಂಟೆಯ ಸದ್ದು ಯಾವ ಕಡೆಯಿಂದ ಬರುತ್ತಿದೆಯೆಂದು ಕಿವಿಗೊಡುತ್ತಾನೆ.