ಕಾಲಮಿತಿಯ ಸ್ವಾಮ್ಯ: ಇಂಗ್ಲೆಂಡಿನ ಲೀಸ್‌ಹೋಲ್ಡ್ ಮನೆಗಳನ್ನು ಕುರಿತ ತಪ್ಪು ಕಲ್ಪನೆಗಳೂ ಸತ್ಯವೂ

ಮನುಷ್ಯನು ತನ್ನ ಜೀವಮಾನದ ದುಡಿಮೆಯ ಬಹುಭಾಗವನ್ನು ತೆತ್ತು ಒಂದು ಮನೆಯನ್ನು ಕೊಂಡನೆಂದರೆ, ಆ ಮನೆ ಅಂದಿನಿಂದ ಅವನದಾಯಿತೆಂದೂ ಅವನ ತರುವಾಯ ಅವನ ಮಕ್ಕಳು ಮೊಮ್ಮಕ್ಕಳದಾಗುವುದೆಂದೂ ಭಾವಿಸುವುದು ಲೋಕಸಾಮಾನ್ಯವಾದ ನಂಬಿಕೆ. ಇಂಗ್ಲೆಂಡಿನಲ್ಲಿಯೂ ವೇಲ್ಸಿನಲ್ಲಿಯೂ ಈ ನಂಬಿಕೆ ಅನೇಕರ ವಿಷಯದಲ್ಲಿ ಸುಳ್ಳಾಗುತ್ತದೆ. ಅಲ್ಲಿ ಸ್ಥಿರಾಸ್ತಿಯ ಮೇಲಣ ಸ್ವಾಮ್ಯವು 1925ರ ಆಸ್ತಿ ಶಾಸನದ ಪ್ರಕಾರ ಎರಡೇ ಬಗೆಯದು: ಕಾಲದ ಎಲ್ಲೆಯಿಲ್ಲದ ಫ್ರೀಹೋಲ್ಡ್ ಒಂದು, ಗೊತ್ತುಪಡಿಸಿದ ಅವಧಿಗೆ ಮಾತ್ರ ಸಲ್ಲುವ ಲೀಸ್‌ಹೋಲ್ಡ್ ಇನ್ನೊಂದು. ಇಂಗ್ಲೆಂಡೊಂದರಲ್ಲಿಯೇ ಸುಮಾರು 50 ಲಕ್ಷ ಮನೆಗಳು ಈ ಎರಡನೆಯ ಬಗೆಗೆ ಸೇರಿವೆ. ಅವುಗಳಲ್ಲಿ ಹೆಚ್ಚಿನವು ಫ್ಲ್ಯಾಟುಗಳು. ಉದ್ಯೋಗನಿಮಿತ್ತವಾಗಿ ಲಂಡನ್ ಮೊದಲಾದ ನಗರಗಳಲ್ಲಿ ನೆಲೆನಿಂತ ಕನ್ನಡಿಗರು ಅಲ್ಲಿ ಫ್ಲ್ಯಾಟು ಕೊಳ್ಳಹೊರಟರೆ ಅವರಿಗೆ ದೊರೆಯುವುದೂ ಸಾಮಾನ್ಯವಾಗಿ ಇದೇ ಬಗೆಯ ಹಕ್ಕು. ಆದುದರಿಂದ ಈ ಪದ್ಧತಿಯನ್ನೂ ಅದರ ಸುಧಾರಣೆಯನ್ನೂ ಕುರಿತು ಪ್ರಚಲಿತವಾಗಿರುವ ಭಾವನೆಗಳನ್ನು ಒಂದೊಂದಾಗಿ ಪರಾಮರ್ಶಿಸುವುದು ಉಚಿತ.

ತಪ್ಪು ಕಲ್ಪನೆ 1: ಬೆಲೆಯನ್ನು ಪೂರ್ತಿಯಾಗಿ ಕೊಟ್ಟವನೇ ಮನೆಯ ಒಡೆಯ.

ಸತ್ಯ: ಲೀಸ್‌ಹೋಲ್ಡಿನಲ್ಲಿ ಕೊಳ್ಳುವವನಿಗೆ ದಕ್ಕುವುದು 99, 125 ಅಥವಾ 999 ವರ್ಷಗಳಂತಹ ಒಂದು ಅವಧಿಯ ಅನುಭೋಗ. ಆ ಅವಧಿಯೊಳಗೆ ಅವನು ಅದನ್ನು ಮಾರಬಹುದು, ಅಡವಿಡಬಹುದು, ಉಯಿಲಿನಲ್ಲಿ ಬರೆದಿಡಬಹುದು; ಅವನ ಮರಣದಿಂದ ಹಕ್ಕು ಅಳಿಯುವುದಿಲ್ಲ. ಆದರೆ ಕಟ್ಟಡ ನಿಂತ ನೆಲ, ಅದರ ಹೊರಗೋಡೆ, ಮಾಡು, ಮೆಟ್ಟಿಲುಸಾಲು ಇವೆಲ್ಲವೂ ಸಾಮಾನ್ಯವಾಗಿ ಫ್ರೀಹೋಲ್ಡ್ ಒಡೆಯನ ಸ್ವತ್ತಾಗಿಯೇ ಉಳಿಯುತ್ತವೆ. ಅವುಗಳ ದುರಸ್ತಿಯ ವೆಚ್ಚವನ್ನು ಮಾತ್ರ ನಿವಾಸಿಗಳು ಭರಿಸತಕ್ಕದ್ದು. ಅವಧಿ ತೀರಿದೊಡನೆ ಸ್ವಾಮ್ಯವು ಒಡೆಯನಿಗೆ ಹಿಂದಿರುಗುತ್ತದೆ. ನಮ್ಮ ಬೆಂಗಳೂರಿನಲ್ಲಿ ಭೋಗ್ಯಕ್ಕೆ ಮನೆ ಹಿಡಿದವನಿಗೆ ಅವಧಿಯ ಕೊನೆಯಲ್ಲಿ ಅವನು ಇಟ್ಟ ಹಣವಾದರೂ ಮರಳಿ ಬರುವುದು. ಇಂಗ್ಲೆಂಡಿನಲ್ಲಾದರೋ ಕೊಟ್ಟ ಬೆಲೆಯಲ್ಲಿ ಒಂದು ಪೌಂಡೂ ಹಿಂದಕ್ಕೆ ಬಾರದು.

ತಪ್ಪು ಕಲ್ಪನೆ 2: 99 ವರ್ಷವೆಂದರೆ ಒಂದು ಆಯುಷ್ಯಕ್ಕಿಂತ ದೀರ್ಘ, ಚಿಂತಿಸಬೇಕಾದುದಿಲ್ಲ.

ಸತ್ಯ: ಅವಧಿಯ ಕೊನೆಯ ದಿನ ಬರುವುದಕ್ಕೆ ಬಹು ಮುಂಚೆಯೇ ತೊಂದರೆ ತಲೆದೋರುತ್ತದೆ. ವರ್ಷಗಳು ಕಳೆದಂತೆ ಗುತ್ತಿಗೆಯ ಮೌಲ್ಯವು ಕುಗ್ಗುತ್ತದೆ. ಉಳಿದ ಕಾಲ ಕಡಿಮೆಯಾದ ಮನೆಯ ಮೇಲೆ ಸಾಲ ಕೊಡಲು ಬ್ಯಾಂಕುಗಳು ಹಿಂದೆಗೆಯುತ್ತವೆ. ಸಾಲ ದೊರೆಯದ ಮನೆಯನ್ನು ಕೊಳ್ಳುವವರೂ ವಿರಳ. ಅವಧಿಯನ್ನು ವಿಸ್ತರಿಸಿಕೊಳ್ಳುವ ಹಕ್ಕನ್ನು ಫ್ಲ್ಯಾಟಿನವರಿಗೆ 1993ರ ಶಾಸನವು ಕೊಟ್ಟಿತಾದರೂ, 80 ವರ್ಷದ ಗಡಿಯನ್ನು ದಾಟಿ ಕೆಳಗಿಳಿದ ಗುತ್ತಿಗೆಗೆ ‘ಮ್ಯಾರೇಜ್ ವ್ಯಾಲ್ಯೂ’ ಎಂಬ ಹೆಚ್ಚಿನ ಹೊರೆಯೊಂದು ಬಂದು ಸೇರುತ್ತಿದ್ದಿತು. ವಿಸ್ತರಣೆಯಿಂದ ಆಸ್ತಿಯ ಒಟ್ಟು ಮೌಲ್ಯವು ಎಷ್ಟು ವೃದ್ಧಿಯಾಗುವುದೋ ಅದರ ಅರ್ಧಭಾಗವನ್ನು ಒಡೆಯನಿಗೆ ಸಲ್ಲಿಸಬೇಕೆಂಬುದೇ ಅದರ ಅರ್ಥ. ಈ ನಿಯಮವನ್ನು ಅರಿಯದೆ, ಮನೆ ಮಾರುವ ಸಮಯ ಬಂದಾಗ ನೋಡಿಕೊಂಡರಾಯಿತೆಂದು ಸುಮ್ಮನಿದ್ದ ಸಂಸಾರಗಳು ಸಹಸ್ರಾರು ಪೌಂಡುಗಳನ್ನು ತೆರಬೇಕಾಯಿತು.

ಅವಧಿಯ ಅಂತ್ಯವೆಂಬುದು ಬರಿಯ ಗ್ರಂಥಸ್ಥ ಭಯವೂ ಅಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದಕ್ಷಿಣ ವೇಲ್ಸಿನ ಕಲ್ಲಿದ್ದಲ ಕಣಿವೆಗಳಲ್ಲಿ ಊರುಗಳು ತೀವ್ರವಾಗಿ ಬೆಳೆದಾಗ, ಭೂಮಿಯನ್ನು 99 ವರ್ಷದ ಗುತ್ತಿಗೆಗೆ ಮಾತ್ರ ಕೊಡುವುದು ಅಲ್ಲಿನ ಭೂಮಾಲೀಕರ ರೂಢಿಯಾಗಿದ್ದಿತು. ಗಣಿಯ ಕೆಲಸಗಾರರು ಆ ನೆಲದ ಮೇಲೆ ತಮ್ಮ ಹಣವನ್ನು ಹಾಕಿ ಮನೆಗಳನ್ನು ಕಟ್ಟಿಕೊಂಡರು. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಆ ಗುತ್ತಿಗೆಗಳು ತೀರುತ್ತ ಬಂದಾಗ, ಅಜ್ಜಂದಿರು ಕಟ್ಟಿದ ಮನೆಯು ಮೊಮ್ಮಕ್ಕಳ ಕೈತಪ್ಪಿ ಎಂದೂ ಒಂದು ಇಟ್ಟಿಗೆಯನ್ನು ಇಡದವನ ವಶವಾಗುವ ಪ್ರಸಂಗ ಒದಗಿತು. ಅಂದು ಎದ್ದ ನ್ಯಾಯದ ಕೂಗಿನ ಫಲವಾಗಿಯೇ ಪ್ರಧಾನಿ ಹೆರಾಲ್ಡ್ ವಿಲ್ಸನ್ನರ ಸರ್ಕಾರವು 1967ರಲ್ಲಿ ಲೀಸ್‌ಹೋಲ್ಡ್ ಸುಧಾರಣಾ ಶಾಸನವನ್ನು ತಂದು, ಸ್ವತಂತ್ರವಾದ ಮನೆಗಳಲ್ಲಿ ವಾಸಿಸುವ ಗುತ್ತಿಗೆದಾರರಿಗೆ ಫ್ರೀಹೋಲ್ಡನ್ನು ಕೊಳ್ಳುವ ಅಥವಾ ಅವಧಿಯನ್ನು 50 ವರ್ಷ ಬೆಳೆಸಿಕೊಳ್ಳುವ ಅಧಿಕಾರವನ್ನು ಅನುಗ್ರಹಿಸಿತು.

ತಪ್ಪು ಕಲ್ಪನೆ 3: ನೆಲಬಾಡಿಗೆ ಅಲ್ಪವಾದುದು, ಯಾವುದೋ ಸೇವೆಗೆ ಪ್ರತಿಫಲವಾಗಿ ಕೊಡುವಂತಹುದು.

ಸತ್ಯ: ಫ್ರೀಹೋಲ್ಡ್ ಒಡೆಯನಿಗೆ ವರ್ಷಂಪ್ರತಿ ಸಲ್ಲುವ ನೆಲಬಾಡಿಗೆಗೆ ಪ್ರತಿಯಾಗಿ ನಿವಾಸಿಗೆ ಯಾವ ಸೇವೆಯೂ ಲಭಿಸುವುದಿಲ್ಲ, ಕಟ್ಟಡದ ಪಾಲನೆಗೆಂದು ನಿರ್ವಹಣಾ ಶುಲ್ಕವನ್ನು ಅವನು ಪ್ರತ್ಯೇಕವಾಗಿಯೇ ಸಲ್ಲಿಸುತ್ತಾನೆ. ಹಿಂದೆ ವರ್ಷಕ್ಕೆ ಕೆಲವೇ ಪೌಂಡುಗಳಿದ್ದ ಈ ಬಾಡಿಗೆಯನ್ನು ಈಚಿನ ದಶಕಗಳ ಕೆಲವು ನಿರ್ಮಾಣಸಂಸ್ಥೆಗಳು ಹತ್ತು ವರ್ಷಕ್ಕೊಮ್ಮೆ ಇಮ್ಮಡಿಯಾಗುವಂತೆ ಕರಾರಿನಲ್ಲಿ ಬರೆಯಿಸಿದವು. 250 ಪೌಂಡಿನಿಂದ ಆರಂಭವಾದ ಬಾಡಿಗೆಯು ಈ ಲೆಕ್ಕದಲ್ಲಿ 50 ವರ್ಷಕ್ಕೆ 8,000 ಪೌಂಡಾಗುವುದು. ಅಂತಹ ಕರಾರುಳ್ಳ ಮನೆಯನ್ನು ಕೊಳ್ಳುವವರಾಗಲಿ ಅದರ ಮೇಲೆ ಸಾಲ ಕೊಡುವವರಾಗಲಿ ಮುಂದೆ ಬಾರರು. ಅಲ್ಲಿನ ಸ್ಪರ್ಧೆ ಮತ್ತು ಮಾರುಕಟ್ಟೆ ಪ್ರಾಧಿಕಾರವು ವಿಚಾರಣೆಗೆ ತೊಡಗಿದ ಮೇಲೆ, 2021ರಲ್ಲಿ ಕೆಲವು ದೊಡ್ಡ ಸಂಸ್ಥೆಗಳು ಇಮ್ಮಡಿಯ ಷರತ್ತನ್ನು ತೆಗೆದುಹಾಕಲು ಒಪ್ಪಿದುವು. 2022ರ ಶಾಸನವು ಆ ವರ್ಷದ ಜೂನ್ 30ರಿಂದ ಹೊಸ ಗುತ್ತಿಗೆಗಳಲ್ಲಿ ನೆಲಬಾಡಿಗೆಯನ್ನು ಒಂದು ಮೆಣಸುಕಾಳಿಗೆ, ಅಂದರೆ ಶೂನ್ಯಕ್ಕೆ, ಇಳಿಸಿತು. ಆದರೆ ಅದಕ್ಕೆ ಮುಂಚೆ ಆದ ಗುತ್ತಿಗೆಗಳನ್ನು ಆ ಶಾಸನವು ಮುಟ್ಟಲಿಲ್ಲವೆಂಬುದನ್ನು ಮರೆಯಕೂಡದು.

ತಪ್ಪು ಕಲ್ಪನೆ 4: ಬಿಲ್ಲು ಬಂದಷ್ಟನ್ನೂ ಕಟ್ಟಲೇಬೇಕು, ಕಟ್ಟದಿದ್ದರೂ ಸಾಮಾನ್ಯ ಸಾಲದಂತೆ ವಸೂಲಾದೀತು, ಅಷ್ಟೆ.

ಸತ್ಯ: ಎರಡು ಭಾಗವೂ ತಪ್ಪು. ನಿರ್ವಹಣಾ ಶುಲ್ಕವು ನ್ಯಾಯೋಚಿತವಾಗಿರತಕ್ಕದ್ದೆಂದು 1985ರ ಶಾಸನವೇ ವಿಧಿಸಿದೆ. ವೆಚ್ಚವು ಅತಿಯಾಯಿತೆಂದೋ ಕೆಲಸವು ಕಳಪೆಯೆಂದೋ ತೋರಿದಲ್ಲಿ ನಿವಾಸಿಯು ನ್ಯಾಯಮಂಡಳಿಯ ಮುಂದೆ ಪ್ರಶ್ನಿಸಬಹುದು. ಒಡೆಯನ ತಪ್ಪನ್ನು ಸಿದ್ಧಪಡಿಸಬೇಕಾದ ಅಗತ್ಯವೇ ಇಲ್ಲದೆ, ಫ್ಲ್ಯಾಟುಗಳಲ್ಲಿ ಅರ್ಧದಷ್ಟು ಮಂದಿಯಾದರೂ ಕೂಡಿ ಕಟ್ಟಡದ ಆಡಳಿತವನ್ನು ತಾವೇ ವಹಿಸಿಕೊಳ್ಳುವ ಹಕ್ಕನ್ನೂ 2002ರ ಶಾಸನವು ನೀಡಿತು. ಈ ಹಕ್ಕುಗಳನ್ನು ಅರಿತವರು ಕೆಲವರು. ಅರಿತು ಬಳಸುವವರು ಇನ್ನೂ ವಿರಳ.

ಇನ್ನೊಂದು ಪಾರ್ಶ್ವವು ಕಠೋರವಾದುದು. ಬಾಕಿಯು 350 ಪೌಂಡನ್ನು ಮೀರಿದರೆ, ಅಥವಾ ಮೂರು ವರ್ಷಕ್ಕಿಂತ ಹೆಚ್ಚು ಕಾಲ ನಿಂತರೆ, ಒಡೆಯನು ನ್ಯಾಯಾಲಯದ ಮೂಲಕ ಗುತ್ತಿಗೆಯನ್ನೇ ಮುಟ್ಟುಗೋಲು ಹಾಕಿಕೊಳ್ಳಲು ಕ್ರಮ ಹೂಡಬಹುದೆಂಬ ನಿಯಮವು ಇಂಗ್ಲಿಷ್ ಕಾನೂನಿನಲ್ಲಿ ಬೆಳೆದು ಬಂದಿದೆ. ನ್ಯಾಯಾಲಯವು ಬಹುಪಾಲು ಪ್ರಸಂಗಗಳಲ್ಲಿ ಬಾಕಿ ತೀರಿಸಲು ಅವಕಾಶವಿತ್ತು ಮನೆಯನ್ನು ಉಳಿಸುತ್ತದೆಂಬುದು ನಿಜ. ಆದರೆ ಬ್ಯಾಂಕು ಅಡವಿನ ಮನೆಯನ್ನು ಹರಾಜು ಮಾಡಿದರೆ ಮಿಕ್ಕ ಹಣವು ಸಾಲಗಾರನಿಗೆ ಸಲ್ಲುವುದು. ಮುಟ್ಟುಗೋಲಿನಲ್ಲಿಯಾದರೋ ಮಿಕ್ಕುದೆಲ್ಲವೂ ಒಡೆಯನದೇ. ಅಲ್ಪವಾದ ಬಾಕಿಗೆ ಲಕ್ಷಾಂತರ ಪೌಂಡಿನ ಮನೆಯನ್ನು ಪಣವಾಗಿಸುವ ಈ ವಿಧಿಯು ವಿರಳವಾಗಿ ಪ್ರಯೋಗವಾಗುವುದೆಂಬುದು ಅದಕ್ಕೆ ಸಮರ್ಥನೆಯಾಗಲಾರದು. ಅದರ ಹೆಸರನ್ನು ಕೇಳಿಯೇ ಅನ್ಯಾಯದ ಬಿಲ್ಲನ್ನೂ ಮರುಮಾತಿಲ್ಲದೆ ಕಟ್ಟುವವರುಂಟು.

ತಪ್ಪು ಕಲ್ಪನೆ 5: ಒಂದರ ಮೇಲೊಂದು ನಿಂತ ಮನೆಗಳಿಗೆ ಲೀಸ್‌ಹೋಲ್ಡ್ ಹೊರತು ಬೇರೆ ಮಾರ್ಗವಿಲ್ಲ.

ಸತ್ಯ: ಈ ವಾದವನ್ನು ಅಲ್ಲಗಳೆಯಲು ಇಂಗ್ಲೆಂಡಿನ ಉತ್ತರದ ಗಡಿಯನ್ನು ದಾಟಿದರೆ ಸಾಕು. ಸ್ಕಾಟ್ಲೆಂಡಿನಲ್ಲಿ ಫ್ಲ್ಯಾಟಿನವನು ತನ್ನ ಫ್ಲ್ಯಾಟಿಗೆ ಪೂರ್ಣ ಒಡೆಯ. ವಾಸದ ಮನೆಗಳನ್ನು 20 ವರ್ಷಕ್ಕೆ ಮೀರಿದ ಗುತ್ತಿಗೆಗೆ ಕೊಡುವುದನ್ನು ಅಲ್ಲಿ 1974ರಲ್ಲಿಯೇ ತಡೆಯಲಾಯಿತು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ 1961ರಲ್ಲಿ ಸ್ಟ್ರಾಟಾ ಪದ್ಧತಿಯನ್ನು ಸ್ಥಾಪಿಸಿ, ಮನೆಯ ಮೇಲೆ ಪ್ರತ್ಯೇಕ ಸ್ವಾಮ್ಯವನ್ನೂ ಸಮಾನ ಬಳಕೆಯ ಭಾಗಗಳ ಮೇಲೆ ಸಾಮೂಹಿಕ ಆಡಳಿತವನ್ನೂ ಕೊಟ್ಟಿತು. ನಮ್ಮಲ್ಲಿಯೂ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಸ್ವಾಮ್ಯ ಶಾಸನವು, ಪ್ರತಿಯೊಬ್ಬ ಒಡೆಯನಿಗೂ ತನ್ನ ಮನೆಯೊಡನೆ ಸಾಮಾನ್ಯ ಭಾಗಗಳಲ್ಲಿ ಅವಿಭಕ್ತವಾದ ಪಾಲಿರತಕ್ಕದ್ದೆಂಬ ತತ್ತ್ವವನ್ನು ಅಂಗೀಕರಿಸಿತು.

ಇಂಗ್ಲೆಂಡೂ ಈ ಮಾರ್ಗವನ್ನು ಕಾಣದೆ ಹೋಗಲಿಲ್ಲ. 2002ರ ಶಾಸನವು ಕಾಮನ್‌ಹೋಲ್ಡ್ ಎಂಬ ಹೆಸರಿನಲ್ಲಿ ಅಂತಹುದೇ ಸ್ವಾಮ್ಯವನ್ನು ಸೃಷ್ಟಿಸಿತು. 2004ರಲ್ಲಿ ಅದು ಜಾರಿಗೂ ಬಂದಿತು. ಆದರೆ ಎರಡು ದಶಕಗಳು ಕಳೆದರೂ ಅದರಂತೆ ಏರ್ಪಟ್ಟ ಕಟ್ಟಡಗಳು ಇಪ್ಪತ್ತನ್ನೂ ಮುಟ್ಟಲಿಲ್ಲ. ಇರುವ ಕಟ್ಟಡವನ್ನು ಪರಿವರ್ತಿಸಬೇಕಾದರೆ ಎಲ್ಲರ ಒಪ್ಪಿಗೆಯೂ ಬೇಕೆಂದು ಶಾಸನವೇ ವಿಧಿಸಿದುದು ಒಂದು ಕಾರಣ. ಮಾರಿದ ಮೇಲೆಯೂ ನೆಲಬಾಡಿಗೆಯನ್ನು ಗಳಿಸುವ, ಇಲ್ಲವೆ ಆ ಹಕ್ಕನ್ನು ಇನ್ನೊಬ್ಬರಿಗೆ ಮಾರಿಕೊಳ್ಳುವ ಅವಕಾಶವಿರುವಾಗ, ಅದನ್ನು ಬಿಟ್ಟುಕೊಡಲು ಕಟ್ಟುವವನಿಗೆ ಪ್ರೇರಣೆ ಇಲ್ಲದೆ ಹೋದುದು ಮತ್ತೊಂದು ಕಾರಣ. ಇಚ್ಛೆಗೆ ಬಿಟ್ಟ ಸುಧಾರಣೆಯು ಲಾಭದೆದುರು ನಿಲ್ಲಲಿಲ್ಲ.

ತಪ್ಪು ಕಲ್ಪನೆ 6: ಸುಧಾರಣೆಯೆಂದರೆ ಒಬ್ಬನ ಆಸ್ತಿಯನ್ನು ಕಿತ್ತು ಇನ್ನೊಬ್ಬನಿಗೆ ಕೊಡುವುದು.

ಸತ್ಯ: ಈ ಆಕ್ಷೇಪವು ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೂ ಹೋಯಿತು. ಲಂಡನ್ನಿನ ಬೆಲ್‌ಗ್ರೇವಿಯಾದಲ್ಲಿ ವೆಸ್ಟ್‌ಮಿನ್‌ಸ್ಟರ್ ಡ್ಯೂಕನ ಎಸ್ಟೇಟಿಗೆ ಸೇರಿದ್ದ ಸುಮಾರು 80 ಮನೆಗಳನ್ನು ಗುತ್ತಿಗೆದಾರರು 1967ರ ಶಾಸನದ ಬಲದಿಂದ ಕೊಂಡಾಗ, ಎಸ್ಟೇಟಿನ ಧರ್ಮದರ್ಶಿಗಳು ಸ್ಟ್ರಾಸ್‌ಬರ್ಗಿನಲ್ಲಿರುವ ಆ ನ್ಯಾಯಾಲಯದಲ್ಲಿ ದಾವೆ ಹೂಡಿದರು. 1986ರಲ್ಲಿ ನ್ಯಾಯಾಲಯವು, ಸಾಮಾಜಿಕ ಅನ್ಯಾಯವನ್ನು ತೊಡೆಯಲು ಶಾಸನಸಭೆಯು ಮಾಡಿದ ಇಂತಹ ವರ್ಗಾವಣೆಯು, ಅದರ ಪ್ರಯೋಜನವು ನೇರವಾಗಿ ವ್ಯಕ್ತಿಗಳಿಗೇ ಸಂದರೂ, ಸಾರ್ವಜನಿಕ ಹಿತವೇ ಆಗಬಲ್ಲುದೆಂದು ನಿರ್ಣಯಿಸಿತು. ನಿವಾಸಿಯು ಒಡೆಯನಿಗೆ ಬೆಲೆಯನ್ನು ಕೊಟ್ಟೇ ಕೊಳ್ಳುತ್ತಾನೆ. ವಿವಾದವಿರುವುದು ಆ ಬೆಲೆಯನ್ನು ಅಳೆಯುವ ಕ್ರಮದಲ್ಲಿ. ನೆಲಬಾಡಿಗೆಯ ಆದಾಯದ ಮೇಲೆ ಪಿಂಚಣಿ ನಿಧಿಗಳೂ ಹಣ ತೊಡಗಿಸಿವೆಯೆಂಬ ಮಾತು ಸುಳ್ಳಲ್ಲ, ಉಪೇಕ್ಷಿಸತಕ್ಕದ್ದೂ ಅಲ್ಲ. ಆದರೆ ಒಬ್ಬರ ವೃದ್ಧಾಪ್ಯದ ಭದ್ರತೆಗೆ ಇನ್ನೊಬ್ಬರ ಮನೆಯ ಅಭದ್ರತೆಯು ಆಧಾರವಾಗಿರಬೇಕೆಂಬುದನ್ನು ಧರ್ಮವು ಒಪ್ಪದು.

ತಪ್ಪು ಕಲ್ಪನೆ 7: 2024ರ ಶಾಸನದಿಂದ ಎಲ್ಲವೂ ಬಗೆಹರಿಯಿತು.

ಸತ್ಯ: 2024ರ ಮೇ 24ರಂದು ರಾಜಸಮ್ಮತಿ ಪಡೆದ ಲೀಸ್‌ಹೋಲ್ಡ್ ಮತ್ತು ಫ್ರೀಹೋಲ್ಡ್ ಸುಧಾರಣಾ ಶಾಸನವು ಮಹತ್ತ್ವದ್ದೆಂಬುದರಲ್ಲಿ ಸಂದೇಹವಿಲ್ಲ. ಫ್ಲ್ಯಾಟಿನ ಗುತ್ತಿಗೆಯ ವಿಸ್ತರಣೆಯನ್ನು 90 ವರ್ಷದಿಂದ 990 ವರ್ಷಕ್ಕೆ ಏರಿಸುವುದು, ಮ್ಯಾರೇಜ್ ವ್ಯಾಲ್ಯೂವನ್ನು ತೆಗೆದುಹಾಕುವುದು, ಹೊಸ ಸ್ವತಂತ್ರ ಮನೆಗಳನ್ನು ಕೆಲವು ವಿನಾಯಿತಿಗಳ ಹೊರತು ಲೀಸ್‌ಹೋಲ್ಡಿನಲ್ಲಿ ಮಾರದಂತೆ ತಡೆಯುವುದು ಅದರ ಮುಖ್ಯ ವಿಧಿಗಳು. ಆದರೆ ಶಾಸನವು ಅಂಗೀಕೃತವಾದ ದಿನವೇ ಈ ವಿಧಿಗಳು ನಡೆಗೆ ಬರಲಿಲ್ಲ. ಒಂದೊಂದಕ್ಕೂ ಸರ್ಕಾರದ ಪ್ರತ್ಯೇಕ ಆಜ್ಞೆ ಬೇಕಾಯಿತು. ಮನೆಯನ್ನು ಕೊಂಡು ಎರಡು ವರ್ಷ ಕಾಯದೆಯೇ ವಿಸ್ತರಣೆಯನ್ನು ಕೇಳಬಹುದೆಂಬ ವಿಧಿಯು 2025ರ ಜನವರಿ 31ರಿಂದ ಜಾರಿಗೆ ಬಂದಿತು. ಆಡಳಿತವನ್ನು ವಹಿಸಿಕೊಳ್ಳುವ ಹಕ್ಕಿನ ವಿಸ್ತರಣೆಯು ಆ ವರ್ಷದ ಮಾರ್ಚಿಯಲ್ಲಿ ಬಂದಿತು. ಅದೇ ಮಾರ್ಚಿಯಲ್ಲಿ ಸರ್ಕಾರವು ಶ್ವೇತಪತ್ರವನ್ನು ಪ್ರಕಟಿಸಿ, ಹೊಸ ಫ್ಲ್ಯಾಟುಗಳಿಗೆ ಕಾಮನ್‌ಹೋಲ್ಡನ್ನೇ ಸಹಜ ಪದ್ಧತಿಯಾಗಿಸುವ ಸಂಕಲ್ಪವನ್ನು ಸಾರಿತು.

ಈ ವಿವಾದದ ತಿರುಳು ಇಷ್ಟೇ: ಮನೆಯ ಬೆಲೆ, ಬಡ್ಡಿ, ದುರಸ್ತಿ, ವಿಮೆ ಎಲ್ಲದರ ಭಾರವನ್ನೂ ಹೊತ್ತವನಿಗೆ ಅದರ ಮೇಲಣ ಅಧಿಕಾರವೂ ಭವಿಷ್ಯವೂ ಸೇರತಕ್ಕದ್ದು. ಹೊಸ ಫ್ಲ್ಯಾಟುಗಳಿಗೆ ಕಾಮನ್‌ಹೋಲ್ಡನ್ನು ಕಡ್ಡಾಯಗೊಳಿಸಿ, ಹಳೆಯ ಗುತ್ತಿಗೆಗಳ ನೆಲಬಾಡಿಗೆಯನ್ನು ಅಳಿಸಿ, ಮುಟ್ಟುಗೋಲಿನ ವಿಧಿಯನ್ನು ರದ್ದುಪಡಿಸುವವರೆಗೂ 1967ರಲ್ಲಿ ತೊಡಗಿದ ಕಾರ್ಯವು ಪೂರ್ಣವಾಗದು. ಅಲ್ಲಿಯವರೆಗೆ, ಆ ದೇಶದಲ್ಲಿ ಫ್ಲ್ಯಾಟು ಕೊಳ್ಳಬಯಸುವ ಕನ್ನಡಿಗರು ಮುಂಗಡವನ್ನು ಕೊಡುವ ಮುನ್ನ ಮೂರು ಸಂಗತಿಗಳನ್ನು ತಮ್ಮ ವಕೀಲರಿಂದ ಬರವಣಿಗೆಯಲ್ಲಿಯೇ ಕೇಳಿ ಪಡೆಯಬೇಕು: ಗುತ್ತಿಗೆಯಲ್ಲಿ ಉಳಿದಿರುವ ವರ್ಷಗಳೆಷ್ಟು, ನೆಲಬಾಡಿಗೆಯು ಎಷ್ಟಿದ್ದು ಯಾವ ಕ್ರಮದಲ್ಲಿ ಏರುವುದು, ಫ್ರೀಹೋಲ್ಡೂ ಆಡಳಿತವೂ ಯಾರ ಕೈಯಲ್ಲಿವೆ. ಮಲಗುವ ಕೋಣೆಗಳೆಷ್ಟೆಂಬ ಪ್ರಶ್ನೆಯನ್ನು ಇವುಗಳ ತರುವಾಯ ಕೇಳಿದರೂ ನಷ್ಟವಿಲ್ಲ.